ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಮಾನಸಿಕ ಆರೋಗ್ಯದ ತುರ್ತು ನೆರವು

ಕರ್ನಾಟಕದ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳಲ್ಲಿ ವ್ಯಕ್ತಿಯೊಬ್ಬರು ತೀವ್ರ ಮಾನಸಿಕ ಸಂಕಟಕ್ಕೆ ಒಳಗಾದಾಗ ದೊರೆಯುವ ನೆರವು ಊರಿನ ಆರೋಗ್ಯ ಉಪಕೇಂದ್ರದಿಂದ ಧಾರವಾಡ ನಗರದ ಡಿಮ್ಹಾನ್ಸ್ ಆಸ್ಪತ್ರೆಯವರೆಗೆ ಹಲವು ಹಂತಗಳಲ್ಲಿ ಹಂಚಿಕೊಂಡಿದೆ. ಮನೋವೈದ್ಯರು ಬಹುಪಾಲು ಹುಬ್ಬಳ್ಳಿ ಮತ್ತು ಧಾರವಾಡ ನಗರಗಳಲ್ಲಿಯೇ ಇರುವುದರಿಂದ, ತುರ್ತು ಸಂದರ್ಭದ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಸ್ಥಳೀಯ ವೈದ್ಯರಿಂದಲೇ ಆರಂಭವಾಗಬೇಕಾಗುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಇದಕ್ಕೆ ಸ್ಪಷ್ಟ ಅವಕಾಶ ನೀಡಿದೆ: ಮನೋವೈದ್ಯರಲ್ಲದ ನೋಂದಾಯಿತ ವೈದ್ಯರೂ ತುರ್ತು ಚಿಕಿತ್ಸೆ ನೀಡಬಹುದು.

ಭೌಗೋಳಿಕ ಹಿನ್ನೆಲೆ

ನವಲಗುಂದ ಮತ್ತು ಅಣ್ಣಿಗೇರಿ ಎರೆಮಣ್ಣಿನ ಬಯಲು ಪ್ರದೇಶಗಳಾಗಿದ್ದು, ಹತ್ತಿ, ಕಡಲೆ, ಹೆಸರು, ಈರುಳ್ಳಿ ಮತ್ತು ಮೆಣಸಿನಕಾಯಿ ಇಲ್ಲಿನ ಮುಖ್ಯ ಬೆಳೆಗಳು. ಕಲಘಟಗಿ ಮಲೆನಾಡಿನ ಅಂಚಿನಲ್ಲಿದೆ. ಅಣ್ಣಿಗೇರಿ ಮೊದಲು ನವಲಗುಂದ ತಾಲ್ಲೂಕಿಗೆ ಸೇರಿದ್ದು, ನಂತರ ಪ್ರತ್ಯೇಕ ತಾಲ್ಲೂಕಾಯಿತು. ಹುಬ್ಬಳ್ಳಿಯಿಂದ ಕುಂದಗೋಳ ಸುಮಾರು 20 ಕಿ.ಮೀ., ಕಲಘಟಗಿ ಸುಮಾರು 30 ಕಿ.ಮೀ., ನವಲಗುಂದ ಮತ್ತು ಅಣ್ಣಿಗೇರಿ ತಲಾ ಸುಮಾರು 35 ಕಿ.ಮೀ. ದೂರದಲ್ಲಿವೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮತ್ತೆ ಸುಮಾರು 20 ಕಿ.ಮೀ. ಕ್ರಮಿಸಬೇಕು. ತಾಲ್ಲೂಕು ಕೇಂದ್ರದಿಂದ ಒಳಗಿರುವ ಹಳ್ಳಿಗಳಿಗೆ ರಾತ್ರಿ ಬಸ್ಸುಗಳ ಸಂಚಾರ ವಿರಳ. ಮಳೆಗಾಲದಲ್ಲಿ ಬೆಣ್ಣೆಹಳ್ಳ ಮತ್ತು ತುಪ್ಪರಿಹಳ್ಳ ಉಕ್ಕಿ ಹರಿದಾಗ ನವಲಗುಂದ ಭಾಗದ ಕೆಲವು ಹಳ್ಳಿಗಳ ರಸ್ತೆ ಸಂಪರ್ಕವೇ ಕಡಿದುಹೋಗುತ್ತದೆ. ಹೀಗಾಗಿ ನೇರವಾಗಿ ಧಾರವಾಡಕ್ಕೆ ಕರೆದೊಯ್ಯಬೇಕೆಂದು ಬೆಳಗಿನವರೆಗೆ ಕಾಯುವುದಕ್ಕಿಂತ ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ತಲುಪುವುದು ಹೆಚ್ಚು ಸುರಕ್ಷಿತ.

ತುರ್ತು ಸ್ಥಿತಿಯನ್ನು ಗುರುತಿಸುವುದು

ಎಲ್ಲ ದುಃಖವೂ ಆತಂಕವೂ ತುರ್ತು ಸ್ಥಿತಿಯಲ್ಲ. ಜೀವಕ್ಕೆ ಅಪಾಯವಿರುವ, ಅಥವಾ ವ್ಯಕ್ತಿಯು ತನ್ನ ಆರೈಕೆಯನ್ನು ತಾನು ಮಾಡಿಕೊಳ್ಳಲಾಗದ ಕೆಳಗಿನ ಸಂದರ್ಭಗಳಲ್ಲಿ ವಿಳಂಬ ಮಾಡಬಾರದು:

* ಸಾಯುವ ಮಾತನ್ನು ಪದೇ ಪದೇ ಆಡುವುದು, ಆತ್ಮಹತ್ಯೆಗೆ ಸಿದ್ಧತೆ ಮಾಡಿಕೊಳ್ಳುವುದು ಅಥವಾ ಪ್ರಯತ್ನಿಸಿರುವುದು.
* ಇತರರಿಗೆ ಕೇಳಿಸದ ಧ್ವನಿಗಳು ಕೇಳಿಸುವುದು, ಮನೆಯವರೇ ಕೊಲ್ಲಲು ಬಂದಿದ್ದಾರೆಂಬ ತೀವ್ರ ಅನುಮಾನ, ದಿನಗಟ್ಟಲೆ ನಿದ್ರೆಯಿಲ್ಲದೆ ಉದ್ರೇಕಗೊಂಡಿರುವುದು.
* ಮಾತು, ಚಲನೆ, ಅನ್ನ, ನೀರು ಎಲ್ಲವನ್ನೂ ಬಿಟ್ಟು ಒಂದೇ ಭಂಗಿಯಲ್ಲಿ ಉಳಿದುಬಿಡುವುದು.
* ಹೆರಿಗೆಯಾದ ಮೊದಲ ವಾರಗಳಲ್ಲಿ ತಾಯಿಗೆ ಉಂಟಾಗುವ ಗೊಂದಲ, ಭ್ರಮೆ ಮತ್ತು ನಿದ್ರಾಹೀನತೆ. ಜನರು ಇದನ್ನು ‘ಬಾಣಂತಿ ಸನ್ನಿ’ ಎನ್ನುತ್ತಾರೆ. ತಾಯಿ ಮತ್ತು ಮಗು ಇಬ್ಬರಿಗೂ ಅಪಾಯವಿರುವುದರಿಂದ ತಾಯಿಯನ್ನು ಒಂಟಿಯಾಗಿ ಬಿಡಬಾರದು.
* ದೀರ್ಘಕಾಲ ವಿಪರೀತ ಮದ್ಯಪಾನ ಮಾಡುತ್ತಿದ್ದವರು ಏಕಾಏಕಿ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಕಾಣಿಸಿಕೊಳ್ಳುವ ಮೈನಡುಕ, ಬೆವರು, ಫಿಟ್ಸ್ ಮತ್ತು ದಿಕ್ಕುತಪ್ಪಿದ ಮಾತು. ಇದು ಜೀವಕ್ಕೆ ಅಪಾಯ ತರಬಲ್ಲ ದೈಹಿಕ ತುರ್ತು ಸ್ಥಿತಿಯೂ ಹೌದು.

ವೃದ್ಧರಲ್ಲಿ ಅಥವಾ ಜ್ವರವಿರುವವರಲ್ಲಿ ದಿಢೀರನೆ ಗೊಂದಲ ಕಾಣಿಸಿಕೊಂಡರೆ ಅದಕ್ಕೆ ಸೋಂಕು, ಸಕ್ಕರೆ ಅಂಶದ ಏರಿಳಿತ ಅಥವಾ ತಲೆಗೆ ಬಿದ್ದ ಪೆಟ್ಟು ಕಾರಣವಾಗಿರಬಹುದು. ಇಂತಹವರಿಗೆ ಮೊದಲು ಸಾಮಾನ್ಯ ವೈದ್ಯಕೀಯ ತಪಾಸಣೆ ಅಗತ್ಯ.

ಮೊದಲ ಗಂಟೆಗಳಲ್ಲಿ

ಅಪಾಯದಲ್ಲಿರುವ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಅವರು ನಂಬುವ ಒಬ್ಬರು ಜೊತೆಗಿದ್ದು ಶಾಂತವಾಗಿ ಮಾತನಾಡಿಸಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಾಗಿ ಅದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಕೃಷಿ ಕುಟುಂಬಗಳಲ್ಲಿ ಕೀಟನಾಶಕಗಳನ್ನು ಮನೆಯಿಂದ ಹೊರಗೆ, ಬೀಗ ಹಾಕಿದ ಸ್ಥಳದಲ್ಲಿ ಅಥವಾ ನಂಬಿಕಸ್ಥರ ವಶದಲ್ಲಿ ಇರಿಸುವುದು ಜೀವ ಉಳಿಸುವ ಕ್ರಮವಾಗಿದೆ. ಸಂಕಟದ ತೀವ್ರತೆ ಅನೇಕ ವೇಳೆ ಕೆಲವು ಗಂಟೆಗಳಲ್ಲಿ ಇಳಿಯುವುದರಿಂದ ಆ ಅವಧಿಯಲ್ಲಿ ಅಪಾಯಕಾರಿ ವಸ್ತುಗಳು ಕೈಗೆ ಸಿಗದಿರುವುದು ಮುಖ್ಯ. ವಿಷ ಸೇವನೆಯ ಅನುಮಾನವಿದ್ದರೆ, ವ್ಯಕ್ತಿ ಆರೋಗ್ಯವಾಗಿರುವಂತೆ ಕಂಡರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿ ವಾಂತಿ ಮಾಡಿಸಲು ಯತ್ನಿಸಬಾರದು. ಡಬ್ಬಿ ಅಥವಾ ಅದರ ಚೀಟಿ ದೊರೆತರೆ ವೈದ್ಯರಿಗೆ ತೋರಿಸಬೇಕು.

ದೂರವಾಣಿ ನೆರವು

* 14416 ಅಥವಾ 1800-891-4416 – ಟೆಲಿ ಮಾನಸ್. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭಿಸಿದ ಉಚಿತ ಸೇವೆ. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಕೇಂದ್ರ. ಸಂಕಟದಲ್ಲಿರುವವರು ಮಾತ್ರವಲ್ಲ, ಅವರ ಮನೆಯವರೂ ಕರೆ ಮಾಡಬಹುದು.
* 108 – ಆರೋಗ್ಯ ಕವಚ ಆಂಬುಲೆನ್ಸ್.
* 112 – ಪೊಲೀಸ್ ಸೇರಿದಂತೆ ತುರ್ತು ಸ್ಪಂದನೆ.
* 1098 – ಮಕ್ಕಳ ಸಹಾಯವಾಣಿ.
* 181 – ಮಹಿಳಾ ಸಹಾಯವಾಣಿ.

ಟೆಲಿ ಮಾನಸ್ ಮಾತುಕತೆ ಮತ್ತು ಮಾರ್ಗದರ್ಶನದ ಸೇವೆಯಾಗಿದೆ. ಪ್ರಾಣಾಪಾಯವಿದ್ದಾಗ ಮೊದಲು 108 ಅಥವಾ 112ಕ್ಕೆ ಕರೆ ಮಾಡಬೇಕು.

ಸ್ಥಳೀಯ ಆರೋಗ್ಯ ವ್ಯವಸ್ಥೆ

ಗ್ರಾಮ ಮಟ್ಟದಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳು ಮೊದಲ ಸಂಪರ್ಕಕೊಂಡಿಯಾಗಿದ್ದಾರೆ. ಅವರು ಚಿಕಿತ್ಸೆ ನಿರ್ಧರಿಸುವುದಿಲ್ಲವಾದರೂ ಆಂಬುಲೆನ್ಸ್ ಕರೆಸುವುದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ವಿಷಯ ತಿಳಿಸುವುದು ಮತ್ತು ಮುಂದೆ ಔಷಧಿ ತಪ್ಪದಂತೆ ನೋಡಿಕೊಳ್ಳುವುದರಲ್ಲಿ ನೆರವಾಗುತ್ತಾರೆ.

ನವಲಗುಂದ, ಕುಂದಗೋಳ ಮತ್ತು ಕಲಘಟಗಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅಣ್ಣಿಗೇರಿಯಲ್ಲಿಯೂ ಸರ್ಕಾರಿ ಆಸ್ಪತ್ರೆಯಿದೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಭೇಟಿ ನೀಡುವ ವ್ಯವಸ್ಥೆಯಿದೆ. ಯಾವ ಮಂಗಳವಾರ ಎಂಬುದನ್ನು ಆಯಾ ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಮೂಲಕ ತಿಳಿದುಕೊಳ್ಳಬೇಕು. ಇದು ಮುಂದುವರಿದ ಚಿಕಿತ್ಸೆಗೆ ಉಪಯುಕ್ತವೇ ಹೊರತು ತುರ್ತು ಸಂದರ್ಭದಲ್ಲಿ ಆ ದಿನಕ್ಕಾಗಿ ಕಾಯುವಂತಿಲ್ಲ.

ಇಂತಹ ವಿಕೇಂದ್ರೀಕೃತ ವ್ಯವಸ್ಥೆಯ ಬೇರು ಕರ್ನಾಟಕದಲ್ಲಿಯೇ ಇದೆ. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರು ಸಮೀಪದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗ ನಡೆಸಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡುವ ಯೋಜನೆ ಆರಂಭವಾಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂತು.

ಹುಬ್ಬಳ್ಳಿ ಮತ್ತು ಧಾರವಾಡದ ಆಸ್ಪತ್ರೆಗಳು

ಧಾರವಾಡದ ಬೆಳಗಾವಿ ರಸ್ತೆಯಲ್ಲಿರುವ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಈ ಭಾಗದ ಪ್ರಮುಖ ಸರ್ಕಾರಿ ಮಾನಸಿಕ ಆಸ್ಪತ್ರೆಯಾಗಿದೆ. ಇದರ ಮೂಲ 1845ರಲ್ಲಿ ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿ ಸ್ಥಾಪನೆಯಾದ ಆಶ್ರಯಾಲಯದಲ್ಲಿದೆ. ಹಿಂದೆ ಇದನ್ನು ಜನರು ‘ಹುಚ್ಚರ ಆಸ್ಪತ್ರೆ’ ಎಂದು ಕರೆಯುತ್ತಿದ್ದರು. 1912ರ ಕಾಯ್ದೆಯ ಕಾಲದಲ್ಲಿ ದಾಖಲಾತಿಗೆ ಬಹುತೇಕ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿತ್ತು. ಆ ಕಾಲದ ನೆನಪಿನಿಂದ, ಅಲ್ಲಿಗೆ ಹೋಗಲು ಪೊಲೀಸ್ ಅಥವಾ ನ್ಯಾಯಾಲಯದ ಪತ್ರ ಬೇಕೆಂಬ ಭಾವನೆ ಇಂದಿಗೂ ಕೆಲವರಲ್ಲಿದೆ. ಈಗ ಇತರ ಆಸ್ಪತ್ರೆಗಳಂತೆಯೇ ಹೊರರೋಗಿಯಾಗಿ ನೇರವಾಗಿ ತೋರಿಸಿಕೊಳ್ಳಬಹುದು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ, ಕಿಮ್ಸ್ ಎಂದು ಜನಬಳಕೆಯಲ್ಲಿರುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ಜೊತೆಗೆ ಮನೋವೈದ್ಯ ವಿಭಾಗವೂ ಇದೆ. ವಿಷಪ್ರಾಶನ, ಗಾಯ, ಫಿಟ್ಸ್ ಅಥವಾ ಪ್ರಜ್ಞಾಹೀನತೆ ಇದ್ದಾಗ ಮೊದಲು ಇಂತಹ ಸಾಮಾನ್ಯ ಆಸ್ಪತ್ರೆಗೇ ಹೋಗಬೇಕು. ಜೀವದ ಅಪಾಯ ಕಳೆದ ಬಳಿಕ ಮಾನಸಿಕ ಚಿಕಿತ್ಸೆ ಮುಂದುವರಿಯುತ್ತದೆ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆಯೂ ಸತ್ತೂರಿನಲ್ಲಿ ಖಾಸಗಿ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಅಣ್ಣಿಗೇರಿ ಭಾಗದವರಿಗೆ ಹುಬ್ಬಳ್ಳಿಗಿಂತ ಗದಗ ಹತ್ತಿರವಾಗಿದ್ದು, ಅಲ್ಲಿನ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೂ ಹೋಗಬಹುದು. ಚಿಕಿತ್ಸೆಗೆ ಜಿಲ್ಲೆಯ ಗಡಿ ಅಡ್ಡಿಯಲ್ಲ.

ಕಾನೂನಿನ ರಕ್ಷಣೆ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ದೇಶದಲ್ಲಿ 2018ರ ಮೇ 29ರಿಂದ ಜಾರಿಯಲ್ಲಿದೆ. ತುರ್ತು ಸಂದರ್ಭಗಳಿಗೆ ಸಂಬಂಧಿಸಿದ ಅದರ ಮುಖ್ಯ ಅಂಶಗಳು ಹೀಗಿವೆ:

* ತುರ್ತು ಚಿಕಿತ್ಸೆ (ಕಲಂ 94): ಸಾವು, ಗಂಭೀರ ಹಾನಿ ಅಥವಾ ಇತರರಿಗೆ ಅಪಾಯವನ್ನು ತಡೆಯಲು ಯಾವುದೇ ನೋಂದಾಯಿತ ವೈದ್ಯರು 72 ಗಂಟೆಗಳವರೆಗೆ ಚಿಕಿತ್ಸೆ ನೀಡಬಹುದು. ನಾಮನಿರ್ದೇಶಿತ ಪ್ರತಿನಿಧಿ ಲಭ್ಯವಿದ್ದರೆ ಅವರ ಒಪ್ಪಿಗೆ ಪಡೆಯಬೇಕು. ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಇದರಲ್ಲಿ ಸೇರಿದೆ. ವಿದ್ಯುತ್ ಕಂಪನ ಚಿಕಿತ್ಸೆಯನ್ನು ತುರ್ತು ಚಿಕಿತ್ಸೆಯಾಗಿ ನೀಡುವಂತಿಲ್ಲ.
* ಪೊಲೀಸರ ಕರ್ತವ್ಯ (ಕಲಂ 100): ಮಾನಸಿಕ ಅಸ್ವಸ್ಥತೆಯಿಂದ ತನ್ನ ಆರೈಕೆ ಮಾಡಿಕೊಳ್ಳಲಾಗದೆ ಅಲೆಯುತ್ತಿರುವ ವ್ಯಕ್ತಿಯನ್ನು ಪೊಲೀಸರು ರಕ್ಷಣೆಗೆ ಪಡೆದು 24 ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು. ಲಾಕಪ್ ಅಥವಾ ಜೈಲಿನಲ್ಲಿ ಇರಿಸುವಂತಿಲ್ಲ.
* ಆತ್ಮಹತ್ಯೆಯ ಪ್ರಯತ್ನ (ಕಲಂ 115): ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಲಾಗುತ್ತದೆ, ಅವರಿಗೆ ಶಿಕ್ಷೆ ವಿಧಿಸುವ ಬದಲು ಆರೈಕೆ ಒದಗಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಿಂದಿನ ದಂಡ ಸಂಹಿತೆಯ 309ನೆಯ ಕಲಂ ಉಳಿದಿಲ್ಲ.
* ಸಂಕೋಲೆ ನಿಷೇಧ (ಕಲಂ 95): ಮಾನಸಿಕ ಅಸ್ವಸ್ಥರನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವಂತಿಲ್ಲ.
* ನಾಮನಿರ್ದೇಶಿತ ಪ್ರತಿನಿಧಿ (ಕಲಂ 14): ತನ್ನ ಪರವಾಗಿ ನಿರ್ಧಾರಗಳಲ್ಲಿ ನೆರವಾಗುವ ವಯಸ್ಕರೊಬ್ಬರನ್ನು ಬಿಳಿ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಆರಿಸಿಕೊಳ್ಳಬಹುದು.

‘ಪೊಲೀಸ್ ಕೇಸ್ ಆಗುತ್ತದೆ’ ಎಂಬ ಭಯದಿಂದ ವಿಷಯವನ್ನು ಮುಚ್ಚಿಡುವುದು ಪ್ರಾಣಹಾನಿಗೆ ಕಾರಣವಾಗಬಲ್ಲದು. ಆಸ್ಪತ್ರೆಯು ಇಂತಹ ಪ್ರಕರಣವನ್ನು ಪೊಲೀಸರಿಗೆ ತಿಳಿಸಿ ದಾಖಲಿಸಬಹುದಾದರೂ ಅದು ರೋಗಿಗೆ ಶಿಕ್ಷೆಯಲ್ಲ. ಕಾನೂನು ಪ್ರಕ್ರಿಯೆ ಮುಗಿಯುವವರೆಗೆ ವೈದ್ಯರು ತುರ್ತು ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿ ತೀರ್ಪು ನೀಡಿದೆ. ಉಚಿತ ಕಾನೂನು ನೆರವಿಗೆ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಯನ್ನು ಸಂಪರ್ಕಿಸಬಹುದು.

ನಂಬಿಕೆಗಳು ಮತ್ತು ಸಂಕೋಚ

‘ಗಾಳಿ ಸೋಕಿದೆ’, ‘ಮಾಟ ಮಾಡಿಸಿದ್ದಾರೆ’ ಎಂಬ ವಿವರಣೆಗಳಿಂದಾಗಿ ಅನೇಕ ಕುಟುಂಬಗಳು ಮೊದಲು ಗುಡಿ, ಗದ್ದುಗೆ ಅಥವಾ ದರ್ಗಾಗಳಿಗೆ ಹೋಗುತ್ತವೆ. ಪ್ರಾರ್ಥನೆ ಮತ್ತು ಔಷಧಿ ಜೊತೆಜೊತೆಗೆ ನಡೆಯಬಹುದು. ಅದಕ್ಕೆ ವೈದ್ಯರ ವಿರೋಧವಿರಬೇಕಾಗಿಲ್ಲ. ಆದರೆ ಹೊಡೆಯುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಮತ್ತು ನಡೆಯುತ್ತಿರುವ ಔಷಧಿಯನ್ನು ನಿಲ್ಲಿಸುವುದು ಅಪಾಯಕಾರಿ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸಂಭವಿಸಿದ ಬೆಂಕಿ ಅವಘಡದಲ್ಲಿ ಸರಪಳಿಯಿಂದ ಬಂಧಿಸಲ್ಪಟ್ಟಿದ್ದ 28 ಮಂದಿ ಮಾನಸಿಕ ಅಸ್ವಸ್ಥರು ತಪ್ಪಿಸಿಕೊಳ್ಳಲಾಗದೆ ಮೃತಪಟ್ಟರು.

ಮಗಳ ಮದುವೆಗೆ ತೊಂದರೆಯಾದೀತು, ಊರವರು ಆಡಿಕೊಂಡಾರು ಎಂಬ ಸಂಕೋಚವೂ ಚಿಕಿತ್ಸೆಯನ್ನು ತಡಮಾಡುತ್ತದೆ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆ ಪಡೆದಿರಲಿಲ್ಲ. ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವುದು 2017ರ ಕಾಯ್ದೆಯಡಿ ವೈದ್ಯರ ಕರ್ತವ್ಯವಾಗಿದೆ.

ತುರ್ತು ಸ್ಥಿತಿಯ ನಂತರ

ಆತ್ಮಹತ್ಯೆಗೆ ಪ್ರಯತ್ನಿಸಿದವರಿಗೆ ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ವಾರಗಳು ಹೆಚ್ಚು ಸೂಕ್ಷ್ಮವಾದವು. ಬಿಡುಗಡೆಯಾಗುವ ಮುನ್ನ ಮುಂದಿನ ಭೇಟಿಯ ದಿನ, ಔಷಧಿಗಳ ಪ್ರಮಾಣ ಮತ್ತು ಸ್ಥಳೀಯವಾಗಿ ಔಷಧಿ ದೊರೆಯುವ ಜಾಗವನ್ನು ಕೇಳಿ ತಿಳಿಯಬೇಕು. ಬಿಡುಗಡೆ ಪತ್ರವನ್ನು ಜೋಪಾನವಾಗಿಡಬೇಕು. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾನಸಿಕ ರೋಗದ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದರ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯಬೇಕೆಂದು ಕಾಯ್ದೆ ಹೇಳುತ್ತದೆ. ಇದರಿಂದ ಪ್ರತಿ ತಿಂಗಳು ಧಾರವಾಡಕ್ಕೆ ಹೋಗುವ ಕೂಲಿನಷ್ಟವನ್ನು ತಪ್ಪಿಸಬಹುದು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರು ವಾಯವ್ಯ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ.

ದೀರ್ಘಕಾಲದ ಮಾನಸಿಕ ಕಾಯಿಲೆಯು ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರಲ್ಲಿ ಗುರುತಿಸಲಾದ 21 ಬಗೆಯ ವೈಕಲ್ಯಗಳಲ್ಲಿ ಸೇರಿದೆ. ಪ್ರಮಾಣಪತ್ರ ಮತ್ತು ಮಾಸಾಶನದ ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಇವನ್ನೂ ನೋಡಿ

* ನಿಮ್ಹಾನ್ಸ್
* ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017
* ಧಾರವಾಡ ಜಿಲ್ಲೆ