ಗಾಣಗಾಪುರಕ್ಕೆ ಬಂದ ಸುಲ್ತಾನ ಮಲಗಿರುವುದೆಲ್ಲಿ?

ಗಾಣಗಾಪುರದ ದತ್ತ ಭಕ್ತರಿಗೆ ಒಬ್ಬ ಸುಲ್ತಾನನ ಕಥೆ ಗೊತ್ತಿರುತ್ತೆ. ಗುರುಚರಿತ್ರೆ ಪಾರಾಯಣ ಮಾಡಿದವರಿಗಂತೂ ಬಾಯಿಪಾಠ. ಕುರುವಪುರದಲ್ಲಿ ಶ್ರೀಪಾದ ಶ್ರೀವಲ್ಲಭರ ಸೇವೆ ಮಾಡಿಕೊಂಡಿದ್ದ ಅಗಸನೊಬ್ಬ, ನದಿಗೆ ಬಂದ ರಾಜನ ವೈಭವ ನೋಡಿ ಆಸೆಪಟ್ಟ. ಗುರುಗಳು ಆಗಲಿ ಅಂದರು. ಮುಂದಿನ ಜನ್ಮದಲ್ಲಿ ಬೀದರಿನ ಮುಸ್ಲಿಂ ಅರಸನಾಗಿ ಹುಟ್ಟಿದ. ತೊಡೆಯ ಮೇಲೆ ಹುಣ್ಣಾಯ್ತು. ಯಾವ ಮದ್ದೂ ನಾಟಲಿಲ್ಲ. ಗಾಣಗಾಪುರಕ್ಕೆ ಬಂದು ನೃಸಿಂಹ ಸರಸ್ವತಿಗಳ ಎದುರು ನಿಂತಾಗ ಹಿಂದಿನ ಜನ್ಮ ನೆನಪಾಯ್ತು, ಹುಣ್ಣು ಮಾಯವಾಯ್ತು.

ಸರಿ, ಆಮೇಲೆ? ಆ ಸುಲ್ತಾನ ಸತ್ತ ಮೇಲೆ ಎಲ್ಲಿ ಮಣ್ಣಾದ? ಇದನ್ನು ಯಾರೂ ಕೇಳಲ್ಲ.

ಗುರುಚರಿತ್ರೆಯ ಆ ಅರಸ ಬಹಮನಿ ಸುಲ್ತಾನ ಎರಡನೇ ಅಲ್ಲಾವುದ್ದೀನ್ ಇರಬೇಕು ಅನ್ನೋದು ಬಹಳ ಜನರ ಊಹೆ. ಕಾಲವೂ ಹೊಂದುತ್ತೆ. ಅವನು ಆಳಿದ್ದು 1436ರಿಂದ 1458ರವರೆಗೆ. ಕಾಲಿನ ಗಾಯದಿಂದ ನರಳಿದ ಅಂತ ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಪುರಾಣದ ಹುಣ್ಣು, ಚರಿತ್ರೆಯ ಗಾಯ, ಎರಡೂ ಒಂದೇನಾ? ನಾನು ಆಣೆ ಇಡಲ್ಲ. ಆದರೆ ಅವನ ಗೋರಿ ಮಾತ್ರ ಕಣ್ಣೆದುರೇ ಇದೆ, ಬೀದರಿನ ಹೊರಗೆ ಅಷ್ಟೂರಿನಲ್ಲಿ. ಒಂದು ಕಾಲಕ್ಕೆ ಗೋಡೆ ತುಂಬಾ ಬಣ್ಣದ ಹೆಂಚುಗಳಿದ್ದವು. ಈಗ ಅಲ್ಲಲ್ಲಿ ಚೂರು ಉಳಿದಿವೆ.

ಅಷ್ಟೂರು ಅಂದರೆ ಬಹಮನಿಗಳ ಸ್ಮಶಾನ. ಗುಮ್ಮಟ ಎಷ್ಟೇ ಎತ್ತರ ಇರಲಿ, ಕೆಳಗೆ ಇರುವುದು ಎಲ್ಲ ಮುಸಲ್ಮಾನರಿಗೂ ಸಿಗುವ ಅದೇ ಗುಂಡಿ. ಬಿಳಿ ಕಫನ್, ಉತ್ತರಕ್ಕೆ ತಲೆ, ಪಶ್ಚಿಮಕ್ಕೆ, ಅಂದರೆ ಕಾಬಾ ಕಡೆಗೆ ಮುಖ. ಬಂದವರೆಲ್ಲ ಹಾಕುವ ಹಿಡಿ ಮಣ್ಣು. ಅಲ್ಲಾವುದ್ದೀನನ ಮಗ ಹುಮಾಯೂನ್ ಕ್ರೂರಿ ಅಂತ ಹೆಸರು ಮಾಡಿದವನು. 1461ರಲ್ಲಿ ಸತ್ತ. ಅವನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಕುಸಿದಿದೆ, ಹಲಸಿನ ಹಣ್ಣು ಸೀಳಿದ ಹಾಗೆ. ದೇವರೇ ಶಿಕ್ಷೆ ಕೊಟ್ಟ ಅಂತ ಜನ ಹೇಳ್ತಾರೆ. ಕೊನೆಯ ಸುಲ್ತಾನರ ಗೋರಿಗಳಂತೂ ಚಿಕ್ಕ ಕೋಣೆಗಳು. ಖಜಾನೆ ಬರಿದಾಗಿತ್ತು, ಅಧಿಕಾರ ಬರೀದರ ಕೈಯಲ್ಲಿತ್ತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಾವುದ್ದೀನನ ಅಪ್ಪನ ಗೋರಿ. ಅಹಮದ್ ಶಾ ವಲಿ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು. ಒಳಗೆ ಕಾಲಿಟ್ಟು ಸ್ವಲ್ಪ ಹೊತ್ತು ನಿಂತರೆ ಕತ್ತಲಲ್ಲಿ ಒಂದೊಂದೇ ಬಣ್ಣ ಕಾಣಿಸುತ್ತೆ. ಹೂಬಳ್ಳಿ, ಬಂಗಾರದ ಅಕ್ಷರ. ಮುಸಲ್ಮಾನರಿಗೆ ಅವನು ವಲಿ. ಹಿಂದೂಗಳಿಗೆ? ಅಲ್ಲಮಪ್ರಭು! ಹೌದು, ನಮ್ಮ ಅಲ್ಲಮನೇ. ಅಲ್ಲಮ 12ನೇ ಶತಮಾನದವನು, ಸುಲ್ತಾನ 15ನೆಯವನು ಅಂತ ನನ್ನಂಥವನು ತಕರಾರು ತೆಗೀಬಹುದು. ಭಕ್ತರಿಗೆ ಮುನ್ನೂರು ವರ್ಷ ಒಂದು ಲೆಕ್ಕವೇ?

ಉರುಸು ಇಸ್ಲಾಮಿನ ತಿಂಗಳ ಲೆಕ್ಕದಲ್ಲಲ್ಲ, ಹೋಳಿ ಹುಣ್ಣಿಮೆ ಕಳೆದ ಮೇಲೆ, ನಮ್ಮ ಪಂಚಾಂಗದ ಪ್ರಕಾರ. ಅದಕ್ಕೆ ಆಳಂದ ತಾಲ್ಲೂಕಿನ ಮಡಿಯಾಳದಿಂದ ಒಬ್ಬ ಜಂಗಮರು ಭಕ್ತರ ಜೊತೆ ಬರ್ತಾರೆ. ಗೋರಿಯ ಮುಂದೆ ಶಂಖ ಊದ್ತಾರೆ, ಹೂ ಏರಿಸ್ತಾರೆ, ಕಾಯಿ ಒಡೀತಾರೆ. ಇದೇನು ನಿನ್ನೆ ಮೊನ್ನೆ ಶಾಂತಿ ಸಮಿತಿ ಸಭೆಯಲ್ಲಿ ಹುಟ್ಟಿದ್ದಲ್ಲ. ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟವಾದ ಬೀದರಿನ ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ. ಲಿಂಗಾಯತರೂ ಹೂಳುವವರೇ ತಾನೆ? ಗೋರಿ ಮುಂದೆ ಕೂರೋದು ಗದ್ದುಗೆ ಮುಂದೆ ಕೂತವರಿಗೆ ಹೊಸದಲ್ಲ.

ಈಗ ನನ್ನ ಕಡೆಯ ತಪ್ಪನ್ನೂ ಹೇಳಿಬಿಡ್ತೀನಿ. 2022ರ ಶಿವರಾತ್ರಿ ದಿನ ಆಳಂದದ ಲಾಡ್ಲೆ ಮಶಾಯಕ್ ದರ್ಗಾದಲ್ಲಿ ಗಲಾಟೆಯಾಯ್ತು. ದರ್ಗಾ ಆವರಣದಲ್ಲೇ ರಾಘವ ಚೈತನ್ಯ ಶಿವಲಿಂಗ ಇದೆ, ಅದರ ಪೂಜೆ ವಿಚಾರ. ಕಲ್ಲು ತೂರಾಟ, ಪೊಲೀಸು. ಮುಂದೆ ಹೈಕೋರ್ಟಿನ ಕಲಬುರಗಿ ಪೀಠ 15 ಜನ ಪೂಜೆ ಮಾಡಲಿ ಅಂತ ಅನುಮತಿ ಕೊಡಬೇಕಾಯ್ತು. ನಮ್ಮ ಕ್ಯಾಮೆರಾಗಳು ಅಲ್ಲಿಗೆ ಓಡಿದವು. ನಾನೂ ಸ್ಟುಡಿಯೋದಲ್ಲಿ ಕೂತು ಗಂಟಲು ಹರಿದುಕೊಂಡೆ.

ಮುಂದೊಂದು ವರ್ಷ ಹೋಳಿ ಕಳೆದ ಮೇಲೆ, ಮಡಿಯಾಳದ ಜಂಗಮರ ಜೊತೆ ಒಂದು ಕ್ಯಾಮೆರಾ ಕಳಿಸೋಣ ಅಂದೆ.

"ಅದೆಲ್ಲಿ ಬರುತ್ತೆ ಸರ್?" ಅಂದ ಡೆಸ್ಕಿನ ಹುಡುಗ. "ಆಳಂದಕ್ಕೆ ಎಷ್ಟು ದೂರ?"

"ಅದೇ ತಾಲ್ಲೂಕು ಕಣಪ್ಪಾ" ಅಂದೆ.