ಮೆರ್ಲೋ ದ್ರಾಕ್ಷಿಯೂ ನಮ್ಮ ನೀಲಿದ್ರಾಕ್ಷಿಯೂ

ಮದ್ಯದ ಚರಿತ್ರೆಯು ಸಾಹಿತ್ಯಪತ್ರಿಕೆಗೆ ತಕ್ಕ ವಿಷಯವೇ ಎಂದು ವಾಚಕಮಹಾಶಯರಲ್ಲಿ ಕೆಲವರು ಶಂಕಿಸಬಹುದು. ನಾವು ಇಲ್ಲಿ ವಿಚಾರಿಸುವುದು ಪಾನವನ್ನಲ್ಲ, ಬಳ್ಳಿಯನ್ನು. ಒಂದು ಹುಳುವಿನಿಂದ ಬೆಳೆಯೆಲ್ಲ ನಾಶವಾದಾಗ ಬೇಸಾಯಗಾರನು ಏನು ಮಾಡಬೇಕೆಂಬುದು ಹಾಸನ ಸೀಮೆಯವರಿಗೆ ಹೊಸ ಪ್ರಶ್ನೆಯೇನೂ ಅಲ್ಲ. 1860ರ ದಶಕದ ಕೊನೆಯಲ್ಲಿ ಮಂಜರಾಬಾದಿನ ಕಾಫಿತೋಟಗಳನ್ನು ಕಾಂಡಕೊರಕ ಹುಳು ಹಾಳುಗೆಡವಿತು. ‘ಚಿಕ್’ ಎಂದು ಕರೆಯುತ್ತಿದ್ದ ಹಳೆಯ ತಳಿಯು ನಿಲ್ಲಲಾರದೆ ಹೋಗಲು, ತೋಟಗಾರರು ಕೊಡಗಿನ ಬೀಜವನ್ನು ತಂದು ಕಸುಬನ್ನು ಉಳಿಸಿಕೊಂಡರು. ಅದೇ ದಶಕದಲ್ಲಿ ಫ್ರಾನ್ಸ್ ದೇಶದ ದ್ರಾಕ್ಷಿತೋಟಗಳಿಗೂ ಅಂತಹುದೇ ವಿಪತ್ತು ಒದಗಿತು.

ಆ ದೇಶದ ನೈಋತ್ಯದಲ್ಲಿರುವ ಬೊರ್ಡೋ ಸೀಮೆಯು ಕೆಂಪು ಮದ್ಯಕ್ಕೆ ಲೋಕಪ್ರಸಿದ್ಧವಾದುದು. ಅದರಲ್ಲಿ ದೊರ್ದೋನ್ ನದಿಯ ಬಲದಂಡೆಯ ಕಡೆಗಿರುವ ಸೇಂತ್ ಎಮಿಲ್ಯೋ, ಪೊಮೆರೋಲ್ ಎಂಬ ಊರುಗಳಲ್ಲಿ ಮೆರ್ಲೋ ಎಂಬ ಕರಿಯ ದ್ರಾಕ್ಷಿಯೇ ಪ್ರಧಾನ. ಬೇಗನೆ ಮಾಗುವ ಈ ಹಣ್ಣಿಗೆ ಅಲ್ಲಿಯ ತಂಪಾದ ಜೇಡಿಮಣ್ಣು ಚೆನ್ನಾಗಿ ಒಗ್ಗುತ್ತದೆ. ಪೊಮೆರೋಲ್‌ನ ತೋಟಗಳೆಲ್ಲ ಸೇರಿ ಸುಮಾರು 2000 ಎಕರೆ ಮಾತ್ರ. 1855ರಲ್ಲಿ ದಲ್ಲಾಳಿಗಳು ಬೊರ್ಡೋ ಮದ್ಯಗಳಿಗೆ ದರ್ಜೆ ಕಟ್ಟಿದಾಗ ಅದರ ಹೆಸರನ್ನೇ ಎತ್ತಲಿಲ್ಲ. ಈಗಲಾದರೋ ಅಲ್ಲಿಯ ಪೆತ್ರೂಸ್ ತೋಟದ ಮದ್ಯವು ಪ್ರಪಂಚದಲ್ಲಿ ಅತ್ಯಂತ ಬೆಲೆಬಾಳುವವುಗಳಲ್ಲೊಂದು. ಪಟ್ಟಿ ಬರೆಯುವವರ ಕಣ್ಣು ತಪ್ಪುವುದು ಎಲ್ಲ ದೇಶಗಳಲ್ಲಿಯೂ ಉಂಟು.

ಅಮೆರಿಕದಿಂದ ತರಿಸಿದ ಬಳ್ಳಿಗಳೊಡನೆ ಫಿಲಾಕ್ಸೆರ ಎಂಬ, ಬೇರಿನ ರಸ ಹೀರುವ ಅತಿ ಸಣ್ಣ ಕೀಟವು ಫ್ರಾನ್ಸಿಗೆ ಬಂದಿತು. 1868ರಲ್ಲಿ ಪ್ಲಾಂಶೋ ಎಂಬ ಸಸ್ಯಶಾಸ್ತ್ರಜ್ಞನು ತನ್ನ ಜೊತೆಗಾರರೊಡನೆ ಇದನ್ನು ಬೇರಿನಲ್ಲಿ ಕಂಡುಹಿಡಿಯುವ ಹೊತ್ತಿಗೆ ದಕ್ಷಿಣದ ತೋಟಗಳು ಒಣಗುತ್ತಿದ್ದುವು. ಔಷಧಗಳು ಬಹುಮಟ್ಟಿಗೆ ವ್ಯರ್ಥವಾದುವು. ಕಡೆಗೆ ಉಪಾಯವೂ ವಿಷ ಬಂದ ಕಡೆಯಿಂದಲೇ ಬಂದಿತು: ಆ ಕೀಟವನ್ನು ತಾಳಬಲ್ಲ ಅಮೆರಿಕದ ಬೇರಿಗೆ ಫ್ರಾನ್ಸಿನ ಕೊಂಬೆಯನ್ನು ಕಸಿ ಕಟ್ಟುವುದು. ಕುಲಗೌರವವನ್ನು ನೆನೆದು ಹಲವರು ವಿರೋಧಿಸಿದರು. ಹೊಟ್ಟೆಯ ಮುಂದೆ ಆ ಗೌರವ ನಿಲ್ಲಲಿಲ್ಲ. ಇಂದು ಬೊರ್ಡೋವಿನ ಮೆರ್ಲೋ ಬಳ್ಳಿಗಳು ಬಹುತೇಕ ಪರದೇಶದ ಬೇರಿನ ಮೇಲೆಯೇ ನಿಂತಿವೆ. 1956ರ ಫೆಬ್ರವರಿಯ ಭೀಕರ ಹಿಮಕ್ಕೆ ಎಷ್ಟೋ ಬಳ್ಳಿಗಳು ಸತ್ತ ತರುವಾಯ ಮೆರ್ಲೋ ಮತ್ತಷ್ಟು ಹಬ್ಬಿತು.

ಇನ್ನು ನಮ್ಮ ನಾಡಿನ ಮಾತು. ಹಾಸನ, ಚನ್ನರಾಯಪಟ್ಟಣಗಳ ಸಂತೆಗಳಲ್ಲಿ ಕಾಣುವ, ಬೀಜವುಳ್ಳ, ಸುವಾಸನೆಯ ‘ಬೆಂಗಳೂರು ನೀಲಿ’ ದ್ರಾಕ್ಷಿಯನ್ನು ಅರಿಯದವರಾರು? ಅದು ಬೇರೆಯಲ್ಲ, ಅಮೆರಿಕದ ಮತ್ತು ಯೂರೋಪಿನ ಬಳ್ಳಿಗಳ ಬೆರಕೆಯಿಂದ ಹುಟ್ಟಿದ ಇಸಬೆಲ್ಲ. 1934ರ ಕೊನೆಯಲ್ಲಿ ಫ್ರಾನ್ಸಿನ ಸರ್ಕಾರವು ಇಸಬೆಲ್ಲವೂ ಸೇರಿ ಆರು ತಳಿಗಳನ್ನು ಕಾನೂನಿನಿಂದ ನಿಷೇಧಿಸಿತು. ಮದ್ಯ ಮಿತಿಮೀರಿ ಉತ್ಪತ್ತಿಯಾಗಿ ಬೆಲೆ ಕುಸಿದಿದ್ದುದು ಅದಕ್ಕೆ ದೊಡ್ಡ ಕಾರಣ. ಅಮೆರಿಕದ ಬೇರನ್ನು ನೆಲದಡಿಯಲ್ಲಿಟ್ಟುಕೊಂಡು ಅದರ ಹಣ್ಣನ್ನು ಮಾತ್ರ ಹೊರಗಟ್ಟಿದುದು ನ್ಯಾಯವೆಂದು ನಮಗೆ ತೋರುವುದಿಲ್ಲ.

1988ರಲ್ಲಿ ಕನ್ವಲ್ ಗ್ರೋವರ್ ಅವರು ನಂದಿಬೆಟ್ಟದ ಬಳಿ ಫ್ರಾನ್ಸಿನ ತಳಿಗಳ ತೋಟವನ್ನು ಹಾಕಿದರು. ಮುಂದಿನ ದಶಕದಲ್ಲಿ ಅವರಿಗೆ ಸಲಹೆಗಾರನಾಗಿ ಬಂದ ಮಿಷೆಲ್ ರೋಲಾನ್ ಪೊಮೆರೋಲ್‌ನ ತೋಟದ ಮನೆತನದವನೇ. ಅದೇ ಸೀಮೆಯ ರೈತರು ಇಸಬೆಲ್ಲವನ್ನೂ ಬಿಡದೆ ಚಪ್ಪರಗಳಿಗೆ ಹಬ್ಬಿಸುತ್ತ ಬಂದರು. 2013ರಲ್ಲಿ ಅದಕ್ಕೆ ‘ಬೆಂಗಳೂರು ನೀಲಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು.