ಕೆರೆ ಕಟ್ಟಿದವರು, ಕೆರೆ ಕಾಯ್ದವರು

ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರುಗಳಿಗೆ ಕೊರತೆಯಿಲ್ಲ. ಅರಸರು, ರಾಣಿಯರು, ದಂಡನಾಯಕರು, ಸೆಟ್ಟಿಗಳು, ಗಾವುಂಡರು ಎಲ್ಲರೂ ಅಲ್ಲಿ ಸಿಗುತ್ತಾರೆ. ಆದರೆ ಕಟ್ಟಿಸಿದವರು ಬೇರೆ, ಕಟ್ಟಿದವರು ಬೇರೆ. ನೆಲದ ಇಳಿಜಾರನ್ನು ಕಣ್ಣಳತೆಯಲ್ಲಿ ಕಂಡು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಏರಿ ಎಲ್ಲಿ ಏಳಬೇಕು, ಕೋಡಿ ಎಲ್ಲಿ ಹರಿಯಬೇಕು ಎಂದು ನಿಶ್ಚಯಿಸಿದ ವೃತ್ತಿವಂತನ ಹೆಸರು ಕಲ್ಲಿನ ಮೇಲೆ ಬಂದಿರುವುದು ತೀರ ಅಪರೂಪ.

ಅಂಥ ಅಪರೂಪದ ಒಂದು ಶಾಸನ ಗೌರಿಬಿದನೂರು ಸೀಮೆಯಲ್ಲಿದೆ. ಅದರ ಕಾಲ ಕ್ರಿ.ಶ. 1388. ವಿಜಯನಗರದ ಇಮ್ಮಡಿ ಹರಿಹರನ ಮಗ ಆಗ ಪೆನುಗೊಂಡೆಯಲ್ಲಿದ್ದನು. ಹೆನ್ನೆ ನದಿಯ, ಎಂದರೆ ಇಂದಿನ ಉತ್ತರ ಪಿನಾಕಿನಿಯ, ನೀರನ್ನು ಪೆನುಗೊಂಡೆಗೆ ತರಬೇಕೆಂದು ಆತನು ಸಿಂಗಾಯಭಟ್ಟನೆಂಬವನಿಗೆ ಅಪ್ಪಣೆ ಕೊಟ್ಟನು. ಸಿಂಗಾಯಭಟ್ಟನು ಸಿರುವೆರದ ಕೆರೆಗೆ ಕಾಲುವೆ ತಂದು, ಅದಕ್ಕೆ ರಾಜಕುಮಾರನ ಹೆಸರನ್ನೇ ಇಟ್ಟನು. ಶಾಸನವು ಈ ಭಟ್ಟನನ್ನು ಜಲಸೂತ್ರದಲ್ಲಿ ಪರಿಣತನೆಂದು ಕರೆಯುತ್ತದೆ. ಪುರಾಣ ಬಲ್ಲವನೆಂದಾಗಲಿ ಯಜ್ಞ ಮಾಡಿದವನೆಂದಾಗಲಿ ಹೊಗಳದೆ, ನೀರಿನ ವಿದ್ಯೆ ಬಲ್ಲವನೆಂದು ಗುರುತಿಸಿರುವುದು ಗಮನಾರ್ಹ. ಇಂದು ನಾವು ಜಲತಜ್ಞ, ಭೂದೃಶ್ಯ ವಿನ್ಯಾಸಕ ಮುಂತಾದ ಹೆಸರುಗಳಿಂದ ಕರೆಯುವ ಉದ್ಯೋಗವು ಆರುನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿ ಒಂದು ಶಾಸ್ತ್ರವೆಂಬ ಮನ್ನಣೆ ಪಡೆದಿತ್ತು.

ಆ ಶಾಸ್ತ್ರದಲ್ಲಿ ಏನಿತ್ತು ಎಂಬುದನ್ನು ಇದಕ್ಕಿಂತ 19 ವರ್ಷ ಹಿಂದಿನ ಇನ್ನೊಂದು ಶಾಸನ ತಿಳಿಸುತ್ತದೆ. ಅದು ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ, ಸಂಸ್ಕೃತದಲ್ಲಿದೆ, 1369ರದು. ಒಂದನೆಯ ಬುಕ್ಕನ ಮಗ ಭಾಸ್ಕರನು ಅಲ್ಲಿ ಕಟ್ಟಿಸಿದ ದೊಡ್ಡ ಕೆರೆಯ ವಿಷಯವನ್ನು ಹೇಳುತ್ತ, ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಬೇಕೆಂದು ಆ ಶಾಸನವು ಎಣಿಸುತ್ತದೆ. ಧರ್ಮಿಷ್ಠನಾದ ಅರಸ ಮತ್ತು ನೀರಿನ ಶಾಸ್ತ್ರ ಬಲ್ಲ ವಿದ್ವಾಂಸ ಮೊದಲ ಎರಡು. ಆಮೇಲೆ ಗಟ್ಟಿ ಜೇಡಿಯ ನೆಲ, ಸಿಹಿನೀರಿನ ಹೊಳೆ, ಎರಡು ಗುಡ್ಡಗಳ ಸಂದು, ಆ ಸಂದಿನಲ್ಲಿ ಅತಿ ಉದ್ದವಲ್ಲದ, ಒತ್ತಾಗಿ ಕಲ್ಲು ಜೋಡಿಸಿದ ಕಟ್ಟೆ, ವಿಶಾಲವೂ ಆಳವೂ ಆದ ಒಡಲು, ಹತ್ತಿರದಲ್ಲೇ ನೀಳವಾದ ಕಲ್ಲು ಸಿಗುವ ಗಣಿ, ಕೆಳಗೆ ಸಮತಟ್ಟಾದ ಫಲವತ್ತು ಹೊಲ ಮೊದಲಾದುವು ಬರುತ್ತವೆ. ಪಟ್ಟಿಯ ಕೊನೆಯಲ್ಲಿ ಬರುವುದು ಕಟ್ಟುವ ಕೆಲಸದಲ್ಲಿ ನುರಿತ ಜನರ ತಂಡ. ಅರಸನಿಂದ ಮೊದಲಾಗಿ ಕೂಲಿಯವನಲ್ಲಿ ಮುಗಿಯುವ ಈ ಪಟ್ಟಿಯಲ್ಲಿ ಒಬ್ಬನಿಲ್ಲದಿದ್ದರೂ ಕೆರೆ ನಿಲ್ಲುವುದಿಲ್ಲ.

ಅಂಗಗಳಿಗಿಂತ ಆ ಶಾಸನವು ಹೇಳುವ ಆರು ದೋಷಗಳು ಹೆಚ್ಚು ಸ್ವಾರಸ್ಯವಾಗಿವೆ. ಏರಿಯಿಂದ ನೀರು ಜಿನುಗುವುದು, ಚೌಳುಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬ ಇರುವುದು, ನೀರು ಸ್ವಲ್ಪವಿದ್ದು ನೆಲ ಬಹಳವಿರುವುದು, ನೀರು ಬಹಳವಿದ್ದು ನೆಲ ಸ್ವಲ್ಪವಿರುವುದು. ಗಡಿಯ ಮೇಲಿನ ಕೆರೆ ಜಗಳಕ್ಕೆ ಮೂಲ ಎಂಬ ಮಾತನ್ನು ಹದಿನಾಲ್ಕನೆಯ ಶತಮಾನದವರು ಜೇಡಿಮಣ್ಣಿನ ಮಾತಿನೊಂದಿಗೇ ಸೇರಿಸಿದ್ದರು. ಕಾವೇರಿಯ ವ್ಯಾಜ್ಯ ಕಂಡ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಕೊನೆಯ ಎರಡು ದೋಷಗಳಂತೂ ವಿನ್ಯಾಸದ ತಿರುಳು. ಮಳೆ ಎಷ್ಟು, ಅದು ಹರಿದು ಬರುವ ನೆಲ ಎಷ್ಟು, ಉಣ್ಣುವ ಗದ್ದೆ ಎಷ್ಟು ಎಂಬ ಲೆಕ್ಕ ತಪ್ಪಿದರೆ ಕಟ್ಟಿದ್ದೆಲ್ಲ ವ್ಯರ್ಥ. ದಿನಕ್ಕೆ ಸಾವಿರ ಆಳು, ಕಲ್ಲು ಹೇರಲು ನೂರು ಬಂಡಿ, ಎರಡು ವರ್ಷದ ದುಡಿಮೆ ಎಂದು ಶಾಸನ ಲೆಕ್ಕ ಕೊಡುತ್ತದೆ. ಆ ಸಾವಿರ ಜನರಲ್ಲಿ ಒಬ್ಬನ ಹೆಸರೂ ಇಲ್ಲ.

ಇಲ್ಲಿ ಶ್ರಾವಕರಾದ ನಮಗೆ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಸಾವಿರ ಜನ ಎರಡು ವರ್ಷ ನೆಲ ಅಗೆದರೆ ಅಲ್ಲಿ ಆಗುವ ಜೀವಹಾನಿ ಎಷ್ಟು? ಪೃಥ್ವೀಕಾಯ, ಅಪ್ಕಾಯ ಜೀವಗಳ ಮಾತಿರಲಿ, ಎರೆಹುಳು ಇರುವೆಗಳಂಥ ತ್ರಸ ಜೀವಗಳ ಲೆಕ್ಕವನ್ನೂ ಇಡಲಾಗದು. ಹನ್ನೆರಡನೆಯ ಶತಮಾನದ ಗುಜರಾತಿನಲ್ಲಿ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಉದ್ಯೋಗಗಳನ್ನು ಹೇಳುವಾಗ, ಕೆರೆ ಬಾವಿ ತೋಡುವುದು ಮತ್ತು ಕಲ್ಲು ಒಡೆಯುವುದರಿಂದ ಜೀವಿಸುವುದನ್ನು ಸ್ಫೋಟಜೀವಿಕೆ ಎಂದು ಕರೆದು ಅದನ್ನೂ ಸೇರಿಸಿದ್ದಾರೆ. ನಮ್ಮ ದಿಗಂಬರ ಪರಂಪರೆಯ ಆಶಾಧರನ ಸಾಗಾರಧರ್ಮಾಮೃತದಲ್ಲಿಯೂ ಇಂಥ ಹದಿನೈದು ಖರಕರ್ಮಗಳ ಪ್ರಸ್ತಾಪವಿದೆ. ವಿಶೇಷವೆಂದರೆ ಅದೇ ಪಟ್ಟಿಯಲ್ಲಿ ಸರಃಶೋಷ, ಎಂದರೆ ಕೆರೆ ಕೊಳಗಳನ್ನು ಬತ್ತಿಸುವುದು, ಕೂಡ ನಿಷಿದ್ಧವೇ. ತೋಡುವುದೂ ದೋಷ, ಒಣಗಿಸುವುದೂ ದೋಷ.

ಇದನ್ನು ಓದಿ ಶಾಸ್ತ್ರಕಾರರು ಕೆರೆಗೆ ವಿರೋಧಿಗಳೆಂದು ತಿಳಿದರೆ ಅದು ಆತುರದ ತೀರ್ಮಾನ. ಗೃಹಸ್ಥನಿಗೆ ಸಂಕಲ್ಪಿ ಹಿಂಸೆ ಸರ್ವಥಾ ತ್ಯಾಜ್ಯ. ಆರಂಭಿ, ಉದ್ಯೋಗಿ ಹಿಂಸೆಗಳನ್ನು ಯತ್ನಾಚಾರದಿಂದ ಕನಿಷ್ಠಕ್ಕೆ ಇಳಿಸಬೇಕು ಎಂಬುದು ನಮ್ಮೆಲ್ಲರಿಗೂ ಪಾಠಶಾಲೆಯಿಂದಲೇ ತಿಳಿದ ವಿಚಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಬಗೆಯಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡ ಕಡಿಯುವುದು ಮೊದಲಾದ ಕೆಲಸಗಳನ್ನು ನಿಷ್ಫಲವಾಗಿ ಮಾಡುವುದನ್ನು ದೋಷವೆಂದಿದ್ದಾರೆ. ದೋಷದ ತೂಕ ಈ ನಿಷ್ಫಲತೆಯ ಮೇಲೆ ನಿಂತಿದೆ. ಅಗೆದ ಕೆರೆಯಲ್ಲಿ ನೀರು ನಿಂತು, ಊರು ಕುಡಿದು, ದನ ಕುಡಿದು, ಗದ್ದೆ ಬೆಳೆದು, ಹಕ್ಕಿ ಮೀನು ಬದುಕಿದರೆ ಆ ಆರಂಭಕ್ಕೆ ಫಲವುಂಟು. ಅಗೆದು, ಕಲ್ಲು ನಿಲ್ಲಿಸಿ, ಹೆಸರು ಕೆತ್ತಿಸಿ, ಹತ್ತು ವರ್ಷದಲ್ಲಿ ಹೂಳು ತುಂಬಲು ಬಿಟ್ಟರೆ ಅಷ್ಟು ಜೀವಗಳು ಸತ್ತದ್ದು ಯಾವುದಕ್ಕಾಗಿ? ಕೆರೆಯ ಪುಣ್ಯ ಪಾಪಗಳು ತೋಡಿದ ದಿನ ನಿಶ್ಚಯವಾಗುವುದಿಲ್ಲವೆಂದೂ ಅದನ್ನು ಕಾಯ್ದುಕೊಳ್ಳುವ ಪ್ರತಿ ವರ್ಷವೂ ನಿಶ್ಚಯವಾಗುತ್ತವೆಯೆಂದೂ ಈ ಲೇಖಕನು ಭಾವಿಸುತ್ತಾನೆ.

ನಮ್ಮ ಶ್ರಾವಕ ಶ್ರಾವಿಕೆಯರು ಇದನ್ನು ಅರಿತಿದ್ದರೆಂದೇ ತೋರುತ್ತದೆ. ಶ್ರವಣಬೆಳಗೊಳದ ಹೆಸರೇ ಒಂದು ಕೊಳದ ಹೆಸರು. ಚಿಕ್ಕಬೆಟ್ಟ, ದೊಡ್ಡಬೆಟ್ಟಗಳ ನಡುವಣ ತಗ್ಗಿನಲ್ಲಿರುವ ಬಿಳಿಯ ಕೊಳದಿಂದ ಊರಿಗೆ ಆ ಹೆಸರು ಬಂದಿತು. ಗುಳ್ಳಕಾಯಜ್ಜಿಯ ಹಾಲು ಗೊಮ್ಮಟನ ಮೈಯಿಂದ ಇಳಿದು, ಬೆಟ್ಟದ ಮೇಲೆ ಹರಿದು, ಕೆಳಗೆ ಕೊಳವಾಯಿತೆಂಬ ಐತಿಹ್ಯವನ್ನು ಎಲ್ಲರೂ ಕೇಳಿದ್ದೇವೆ. ಕಥೆಯ ಮಾತು ಹೇಗೇ ಇರಲಿ, ಬೋಳು ಬಂಡೆಯ ಮೇಲೆ ಬಿದ್ದದ್ದು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆ ಕಥೆ ಕಟ್ಟಿದವರು ಚೆನ್ನಾಗಿ ನೋಡಿದ್ದರು.

ಅದೇ ಊರಿನ ಜಕ್ಕಿಕಟ್ಟೆಯನ್ನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಮಾಡಿಸಿದವಳು ಜಕ್ಕಿಮವ್ವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅತ್ತಿಗೆ, ಬೊಪ್ಪದೇವನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಕಟ್ಟೆಯ ಬಳಿಯ ಬಂಡೆಗಳಲ್ಲಿ ಜಿನಬಿಂಬಗಳನ್ನೂ ಕೆತ್ತಿಸಿದಳು. ಬಸದಿಯಲ್ಲಿರಬೇಕಾದ ಬಿಂಬವು ನೀರಿನ ದಡಕ್ಕೆ ಬಂದಿದೆ. ನೀರು ತರುವವರು ಅದನ್ನು ನೋಡದೆ ಹೋಗುವಂತಿಲ್ಲ. ದೊಡ್ಡಬೆಟ್ಟದ ಮೇಲೆ ಬಸದಿ ಕಟ್ಟಿಸಿದ ಚೆನ್ನಣ್ಣನು 1673ರ ಸುಮಾರಿನಲ್ಲಿ ಒಂದು ಕೊಳವನ್ನೂ ತೋಡಿಸಿದನು. ಊರ ನಡುವಣ ಕಲ್ಯಾಣಿಯ ಕಥೆಯನ್ನು ಅನಂತಕವಿಯ ಗೊಮ್ಮಟೇಶ್ವರ ಚರಿತೆ ಹೇಳುತ್ತದೆ. ಚಿಕ್ಕದೇವರಾಜ ಒಡೆಯರ ಟಂಕಸಾಲೆಯ ಅಧಿಕಾರಿ ಅಣ್ಣಯ್ಯನ ಮೇಲ್ವಿಚಾರಣೆಯಲ್ಲಿ ಕೆಲಸ ನಡೆಯುತ್ತಿರುವಾಗಲೇ, 1704ರಲ್ಲಿ, ಅರಸರು ತೀರಿಕೊಂಡರು. ಮುಂದೆ ಒಂದನೆಯ ಕೃಷ್ಣರಾಜ ಒಡೆಯರ ಅಪ್ಪಣೆ ಪಡೆದು ಅಣ್ಣಯ್ಯನೇ ಅದನ್ನು ಪೂರೈಸಿದನು. ಒಡೆಯ ಹೋದರೂ ಕೆಲಸ ಬಿಡದ ಈ ಟಂಕಸಾಲೆಯ ಮನುಷ್ಯನನ್ನು ನಾವು ಇನ್ನಷ್ಟು ನೆನೆಯಬೇಕಿತ್ತು.

ಆದರೆ ಹಿರಿಯರ ನಿಜವಾದ ಜಾಣತನ ಕಾಣುವುದು ದತ್ತಿಗಳಲ್ಲಿ. ಕೆರೆ ಕಟ್ಟಿಸಿದಾಗ ಅದರ ಕೆಳಗಿನ ಗದ್ದೆಯ ಒಂದು ಭಾಗವನ್ನು, ಇಲ್ಲವೆ ಬೆಳೆಯ ಒಂದು ಪಾಲನ್ನು, ಕೆರೆಗಾಗಿಯೇ ಬಿಡುತ್ತಿದ್ದರು. ಶಾಸನಗಳು ಇದನ್ನು ಬಿತ್ತುವಟ್ಟ, ಬಿಟ್ಟುವಟ್ಟ ಎನ್ನುತ್ತವೆ. ಹೂಳು ಹೊರುವ ಬಂಡಿಗೆ, ಅದರ ಎತ್ತು ಕೋಣಗಳಿಗೆ, ಬಂಡಿ ಹೊಡೆಯುವವನಿಗೆ ಎಂದು ಬಿಡಿಬಿಡಿಯಾಗಿ ಕೊಟ್ಟ ದತ್ತಿಗಳೂ ಇವೆ. ಕೆರೆಯು ತನ್ನ ಬೆಳೆಯಿಂದ ತನ್ನನ್ನು ತಾನೇ ಸಾಕಿಕೊಳ್ಳುತ್ತಿತ್ತು; ಅರಸು ಬದಲಾದರೂ ಬಂಡಿ ನಿಲ್ಲುವಂತಿರಲಿಲ್ಲ.

ಇದರ ಜೊತೆಗೆ ಎರಡು ಬಗೆಯ ಕಸುಬುದಾರರಿದ್ದರು. ಮಣ್ಣು ಕಲ್ಲಿನ ಕೆಲಸಕ್ಕೆ ಒಡ್ಡರು. ನೀರು ಹಂಚಲು ನೀರಗಂಟಿ. ಕೆರೆಯೊಳಗೆ ನೆಟ್ಟ ಎರಡು ಕಲ್ಲುಕಂಬಗಳ ನಡುವೆ ಇಳಿಬಿಟ್ಟ ಗಳುವಿನ ತುದಿಯ ಬೆಣೆಯನ್ನು ಎಷ್ಟು ಎತ್ತಿದರೆ ತೂಬಿನಿಂದ ಎಷ್ಟು ನೀರು ಹೋಗುತ್ತದೆ ಎಂಬುದು ನೀರಗಂಟಿಯ ಕೈಗೆ ಗೊತ್ತಿತ್ತು. ಬರ ಬಂದಾಗ ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ ಎಂಬ ತೀರ್ಪು ಅವನದೇ. ಮಳೆಯ ರಾತ್ರಿ ಏರಿಯ ಮೇಲೆ ಇಲಿಬಿಲ, ಬಿರುಕು ಹುಡುಕುತ್ತ ತಿರುಗುವವನೂ ಅವನೇ. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗೆ ಹೋಗುವಂಥ ಸರಣಿ ನಮ್ಮ ಬಯಲುಸೀಮೆಯ ಉದ್ದಕ್ಕೂ ಇತ್ತು. ಮೇಲಿನ ಏರಿ ಒಡೆದರೆ ಕೆಳಗಿನದೂ ಉಳಿಯದು. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿದ್ದ ರಿಚರ್ಡ್ ಸ್ಯಾಂಕಿಯವರು 1866ರಲ್ಲಿ, ಈ ಸೀಮೆಯಲ್ಲಿ ಹೊಸ ಕೆರೆಗೆ ತಕ್ಕ ಜಾಗ ಹುಡುಕುವುದೇ ಕಷ್ಟವೆಂಬ ಅರ್ಥದಲ್ಲಿ ಬರೆದದ್ದು ಸುಮ್ಮನೆ ಅಲ್ಲ. ಜಾಗವನ್ನೆಲ್ಲ ನಮ್ಮವರು ಆಗಲೇ ಗುರುತಿಸಿ ಮುಗಿಸಿದ್ದರು.

ಮುಂದಿನ ಇಳಿಗಾಲದ ಕಥೆ ಎಲ್ಲರಿಗೂ ಗೊತ್ತಿದೆ. ಇನಾಮುಗಳು ಹೋದವು, ದುರಸ್ತಿ ಸರ್ಕಾರದ ಪಾಲಾಯಿತು, ಕೊಳವೆಬಾವಿ ಬಂದಿತು, ನೀರಗಂಟಿಗೆ ಕೆಲಸವಿಲ್ಲದಾಯಿತು. ರಾಜ್ಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿವೆಯೆಂದು ಲೆಕ್ಕವಿದೆ. ಅನೇಕವು ಹೂಳು ತುಂಬಿದ ಬಯಲು.

ಈಗ ಬಸದಿಗಳ ಆಡಳಿತ ಮಂಡಳಿಗಳು ತಮ್ಮ ಕಲ್ಯಾಣಿ, ಕೆರೆಗಳನ್ನು ಜೀರ್ಣೋದ್ಧಾರ ಮಾಡಲು ಮುಂದಾಗುತ್ತಿರುವುದು ಸಂತೋಷದ ವಿಷಯ. ಆದರೆ ಕೆಲವೆಡೆ ಕೊಳದ ತಳಕ್ಕೆ ಕಾಂಕ್ರೀಟು ಹಾಕಿ, ದಡಕ್ಕೆ ನುಣುಪು ಕಲ್ಲು ಹಾಸಿ, ಸುತ್ತ ಬಣ್ಣದ ದೀಪ ಇಡುವುದನ್ನೇ ಉದ್ಧಾರವೆಂದು ತಿಳಿದಿದ್ದಾರೆ. ತಳ ಮುಚ್ಚಿದ ಕೊಳಕ್ಕೆ ನೆಲದ ಒರತೆ ಬರುವುದಿಲ್ಲ. ಅದರ ನೀರು ಸುತ್ತಲ ಬಾವಿಗಳಿಗೆ ಇಳಿಯುವುದೂ ಇಲ್ಲ. ಅದು ದೊಡ್ಡ ತೊಟ್ಟಿ ಅಷ್ಟೆ. ತಜ್ಞರನ್ನು ಕರೆಸುವಾಗ ನಕ್ಷೆಯ ಅಂದ ನೋಡುವ ಮೊದಲು, ಮಳೆನೀರು ಎಲ್ಲಿಂದ ಬರುತ್ತದೆ, ಆ ದಾರಿಯಲ್ಲಿ ಈಗ ಯಾರ ಮನೆ ಎದ್ದಿದೆ, ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೇಳಬೇಕು. ಸಿಂಗಾಯಭಟ್ಟನ ಶಾಸ್ತ್ರದವರು ಮೊದಲು ಕೇಳುತ್ತಿದ್ದುದು ಅದನ್ನೇ.

ಇನ್ನೊಂದು ಮಾತು. ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಯಾವ ಬಾವಿಯ ನೀರೋ ಅದೇ ಬಾವಿಗೆ ಬಿಡಬೇಕೆಂಬ ನಿಯಮವನ್ನು ನಮ್ಮ ಮನೆಗಳ ಹಿರಿಯ ಹೆಂಗಸರು ತಪ್ಪದೆ ನಡೆಸುತ್ತಿದ್ದರು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕದು ಎಂಬ ತಿಳಿವಳಿಕೆ ಅದರ ಹಿಂದಿದೆ. ಹೂಳೆತ್ತುವಾಗಲೂ ಇದನ್ನೇ ಪಾಲಿಸಬಹುದು. ಬೇಸಗೆಯ ಕೊನೆಯಲ್ಲಿ, ನೀರು ತಾನಾಗಿಯೇ ತಗ್ಗಿದಾಗ ಕೆಲಸ ಹಿಡಿಯುವುದು. ಪಂಪು ಹಚ್ಚಿ ಪೂರ್ತಿ ಬತ್ತಿಸದೆ, ಅತ್ಯಂತ ಆಳದ ಮಡುವನ್ನು ಮುಟ್ಟದೆ ಬಿಟ್ಟು, ಮೀನು ಕಪ್ಪೆ ಆಮೆಗಳು ಅಲ್ಲಿಗೆ ಸರಿಯಲು ಕೆಲವು ದಿನ ಕಾಯುವುದು. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಇನ್ನೊಂದು. ಎತ್ತಿದ ಗೋಡುಮಣ್ಣನ್ನು ರೈತರ ಹೊಲಗಳಿಗೆ ಕೊಟ್ಟರೆ ಸಾಗಾಣಿಕೆಯ ಖರ್ಚಿನಲ್ಲಿ ಅವರೂ ಪಾಲುಗೊಳ್ಳುವರು. ದೀಪದ ಎಣ್ಣೆಗೆ, ಅಷ್ಟವಿಧಾರ್ಚನೆಗೆ ಇರುವಂತೆ ಕೆರೆಯ ಹೂಳಿಗೂ ವಾರ್ಷಿಕ ಲೆಕ್ಕದಲ್ಲಿ ಒಂದು ಬಾಬ್ತು ತೆರೆಯುವುದಾದರೆ, ಅದಕ್ಕೆ ಬಿಟ್ಟುವಟ್ಟವೆಂಬ ಹಳೆಯ ಹೆಸರನ್ನೇ ಇಡಬಹುದು.